ಕನ್ನಂಬಾಡಿ ಕಟ್ಟೆ ಹಂತ ಹಂತವಾಗಿ ಎದ್ದ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನೀವೂ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘದ ವರದಿಯನ್ನು ಕಾರ್ಯದರ್ಶಿಗಳು ಬರೆದಿದ್ದಾರೆ, ಶುಭಾಶಯಗಳನ್ನು ದೊಡ್ಡವರು ಕಳಿಸಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ಬೇಸಾಯಗಾರ. ಶಾಲೆಯಲ್ಲಿ ನನಗೆ ಇಷ್ಟವಾಗಿದ್ದ ವಿಷಯ ಅಂದರೆ ಚರಿತ್ರೆ ಒಂದೇ. ಅದರಲ್ಲೂ ನಮ್ಮ ಗದ್ದೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯ ಚರಿತ್ರೆ. ಅದನ್ನೇ ಬರೆಯುತ್ತೇನೆ. ಹಾಲಿನ ಸಂಘದ ಸಂಚಿಕೆಯಲ್ಲಿ ಕಟ್ಟೆಯ ಕಥೆ ಯಾಕೆ ಅಂತ ನೀವು ಕೇಳಬಹುದು. ಕಾರಣವಿದೆ.

ಕಳೆದ ಎರಡು ಸರ್ವ ಸದಸ್ಯರ ಸಭೆಗಳಲ್ಲೂ ಸಂಘದ ಸ್ವಂತ ಕಟ್ಟಡದ ವಿಷಯ ಬಂತು. ಹಾಲು ಅಳೆಯುವ ಕೊಠಡಿ, ಹಾಲು ತಣ್ಣಗಿಡುವ ಶೀತಲ ಘಟಕ, ಪಶು ಆಹಾರದ ಗೋದಾಮು, ಮೇಲೆ ಒಂದು ಸಭಾಂಗಣ, ಇಷ್ಟನ್ನೂ ಸೇರಿಸಿ ಅಂದಾಜು ಪಟ್ಟಿ ಓದಿದರು. ಮೊತ್ತ ಕೇಳುತ್ತಲೇ ಸಭೆ ತಣ್ಣಗಾಯಿತು. "ಅಷ್ಟು ದುಡ್ಡು ಎಲ್ಲಿಂದ ತರದು? ಬುಡಿ, ಮುಂದಿನ ವರ್ಸ ನೋಡನ" ಅಂತ ಒಬ್ಬರು ಅಂದರು. ಎಲ್ಲರೂ ತಲೆ ಆಡಿಸಿದರು, ಮುಂದಿನ ವಿಷಯಕ್ಕೆ ಹೋದೆವು. ಮುಂದಿನ ವರ್ಷವೂ ಅದೇ ಪಟ್ಟಿ, ಅದೇ ಮಾತು. ಕಟ್ಟಡ ಬೇಡ ಅಂದವರು ಒಬ್ಬರೂ ಇರಲಿಲ್ಲ. ಎಲ್ಲರಿಗೂ ಬೇಕು. ಆದರೆ ಇಡೀ ಕೆಲಸವನ್ನು ಒಂದೇ ಸಲ ಕಣ್ಣ ಮುಂದೆ ಇಟ್ಟಾಗ ಕೈ ಓಡಲಿಲ್ಲ. ಇದೇ ತರಹದ ಭಯ ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದ ದೊಡ್ಡ ದೊಡ್ಡ ಅಧಿಕಾರಿಗಳಿಗೂ ಹಿಡಿದಿತ್ತು. ಅವರು ಅದನ್ನು ಹೇಗೆ ದಾಟಿದರು ಅನ್ನುವುದನ್ನು ನಾವು ತಿಳಿದುಕೊಳ್ಳಬೇಕು.

ಕಥೆ ಶುರುವಾಗೋದು ಕನ್ನಂಬಾಡಿಯಲ್ಲಿ ಅಲ್ಲ, ಕೆಳಗಡೆ ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿನ ಕಾವೇರಿ ಜಲಪಾತದಿಂದ ವಿದ್ಯುಚ್ಛಕ್ತಿ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಕಳಿಸಿದರು. ಆ ಕಾಲಕ್ಕೆ ಅಷ್ಟು ದೂರ ಕರೆಂಟು ಒಯ್ಯುವುದು ಭಾರಿ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಗಣಿಯವರು ಇನ್ನೂ ಕರೆಂಟು ಬೇಕು ಅಂತ ಕೇಳತೊಡಗಿದರು. ಕೊಡೋಣವೆಂದರೆ ಬೇಸಿಗೆಯಲ್ಲಿ ಹೊಳೆ ಬತ್ತಿ ಸಣ್ಣಗಾಗುತ್ತಿತ್ತು. ನೀರಿಲ್ಲದೆ ಯಂತ್ರ ತಿರುಗುವುದು ಹೇಗೆ? ಇತ್ತ ನಮ್ಮ ಮಂಡ್ಯದ ಸೀಮೆ ಆಗ ಬಹುಪಾಲು ಮಳೆ ನಂಬಿದ ಬೆದ್ದಲು. ರಾಗಿ, ಜೋಳ, ಹುರುಳಿ ಬೆಳೆಯುತ್ತಿದ್ದ ನೆಲ. ಮಳೆ ಕೈಕೊಟ್ಟರೆ ಗುಳೆ ಹೋಗುವುದೇ ಗತಿ. ಹೊಳೆ ಪಕ್ಕದಲ್ಲೇ ಹರಿದು ಹೋಗುತ್ತಿದ್ದರೂ ಎತ್ತರದ ಹೊಲಕ್ಕೆ ಹತ್ತುತ್ತಿರಲಿಲ್ಲ.

1909ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದರು. ಅದಕ್ಕೂ ಮುಂಚೆ ಬೊಂಬಾಯಿ ಪ್ರಾಂತ್ಯದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದವರು. ಕನ್ನಂಬಾಡಿ ಎಂಬ ಹಳ್ಳಿಯ ಹತ್ತಿರ ಕಾವೇರಿಗೆ ಅಡ್ಡಲಾಗಿ ದೊಡ್ಡ ಕಟ್ಟೆ ಕಟ್ಟಿ ಮಳೆಗಾಲದ ನೀರನ್ನು ಹಿಡಿದಿಟ್ಟರೆ ಬೇಸಿಗೆಯಲ್ಲಿ ಶಿವನಸಮುದ್ರಕ್ಕೂ ನೀರು, ನಾಲೆ ತೆಗೆದರೆ ಹೊಲಕ್ಕೂ ನೀರು ಎಂದು ಅವರು ಯೋಜನೆ ಬರೆದರು. 41.5 ಟಿ.ಎಂ.ಸಿ. ನೀರು ನಿಲ್ಲುವಂಥ ಕಟ್ಟೆ. ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ. ಈಗ ನಮ್ಮ ಹುಡುಗರಿಗೂ ಬಾಯಿಪಾಠವಾಗಿರುವ ಲೆಕ್ಕ ಇದು. ಆಗಿನ ಕಾಲಕ್ಕೆ ಕೇಳಿದವರ ಎದೆ ಧಸಕ್ಕೆನ್ನುವಂಥದ್ದು.

ಎರಡು ಕಡೆಯಿಂದ ಅಡ್ಡಿ ಬಂತು. ಒಂದು ಮನೆಯೊಳಗಿನದು. ಹಣಕಾಸಿನವರು ಇಷ್ಟು ದೊಡ್ಡ ಖರ್ಚನ್ನು ಸಂಸ್ಥಾನ ಹೊರಲಾರದು ಎಂದರು. ಎರಡನೆಯದು ಮದರಾಸು ಸರ್ಕಾರದ್ದು. ಅವರು ಮೆಟ್ಟೂರಿನಲ್ಲಿ ತಮ್ಮದೇ ಒಂದು ದೊಡ್ಡ ಅಣೆಕಟ್ಟಿನ ಯೋಜನೆ ಹಾಕಿಕೊಂಡಿದ್ದರು. ಮೇಲೆ ನೀರು ಹಿಡಿದರೆ ಕೆಳಗಿನ ತಂಜಾವೂರಿನ ಗದ್ದೆಗಳಿಗೆ ಕೊರತೆಯಾಗುತ್ತದೆ ಎಂಬುದು ಅವರ ವಾದ. ನಾವು ಮಂಡ್ಯದವರು ಆ ವಾದವನ್ನು ಕೇಳಿದ ಕೂಡಲೇ ಕೋಪ ಮಾಡಿಕೊಳ್ಳುತ್ತೇವೆ. ಆದರೂ ನಾಲೆಯ ಕೊನೆಭಾಗದ ರೈತನ ಸಂಕಟ ಏನು ಅಂತ ನಮ್ಮಲ್ಲೇ ಕೊನೆಭಾಗದವರನ್ನು ಕೇಳಿದರೆ ಗೊತ್ತಾಗುತ್ತದೆ. 1892ರಲ್ಲೇ ಆಗಿದ್ದ ಒಂದು ಒಪ್ಪಂದದ ಪ್ರಕಾರ ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಬೇಕಿತ್ತು. ಅವರು ಒಪ್ಪಲಿಲ್ಲ. ವಿಷಯ ಭಾರತ ಸರ್ಕಾರಕ್ಕೆ ಹೋಯಿತು. ಅಲ್ಲಿಂದ ಬಂದ ಅಪ್ಪಣೆ ಏನೆಂದರೆ, ಕಟ್ಟಬಹುದು, ಆದರೆ 11 ಟಿ.ಎಂ.ಸಿ. ಮಾತ್ರ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಕೇಳಿದ್ದು 41.5, ಸಿಕ್ಕಿದ್ದು 11. ನಮ್ಮಲ್ಲಿ ಯಾರಿಗಾದರೂ ಹೀಗಾದರೆ ಏನು ಮಾಡುತ್ತೇವೆ? "ಕೊಟ್ಟರೆ ಪೂರ್ತಿ ಕೊಡಲಿ, ಇಲ್ಲದಿದ್ದರೆ ಬೇಡವೇ ಬೇಡ" ಅಂತ ಕಡತ ಕಟ್ಟಿ ಮೂಲೆಗೆ ಎಸೆಯುತ್ತೇವೆ. ಮೈಸೂರಿನವರು ಹಾಗೆ ಮಾಡಲಿಲ್ಲ. ಕೆಲಸವನ್ನು ಎರಡು ಹಂತ ಮಾಡಿಕೊಂಡರು. ಮೊದಲನೇ ಹಂತದಲ್ಲಿ ಕಡಿಮೆ ಎತ್ತರದ ಕಟ್ಟೆ, 11 ಟಿ.ಎಂ.ಸಿ. ನೀರು. ಎರಡನೇ ಹಂತ ಮುಂದೆ ಅಪ್ಪಣೆ ಸಿಕ್ಕಾಗ. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಇದಕ್ಕೆ ಬೆಂಬಲವಾಗಿ ನಿಂತರು. ಆಗ ಟಿ. ಆನಂದರಾಯರು ದಿವಾನರಾಗಿದ್ದರು. 1911ರ ಅಕ್ಟೋಬರ್‌ನಲ್ಲಿ 81 ಲಕ್ಷ ರೂಪಾಯಿಗೆ ಮಂಜೂರಾತಿ ಆಯಿತು. ನವೆಂಬರ್‌ನಲ್ಲಿ ಕೆಲಸ ಶುರುವಾಯಿತು.

ದೊಡ್ಡದನ್ನು ಸಣ್ಣದಾಗಿ ಮಾಡಿಕೊಳ್ಳಿ ಅಂತ ಎಲ್ಲರೂ ಉಪದೇಶ ಹೇಳುತ್ತಾರೆ. ಹೇಳುವುದು ಸುಲಭ. ಕಟ್ಟೆಯನ್ನು ಬೇರೆ ರೀತಿಯಲ್ಲೂ ಎರಡು ಭಾಗ ಮಾಡಬಹುದಿತ್ತು. ಉದಾಹರಣೆಗೆ, ಈ ದಡದಿಂದ ಅರ್ಧ ಹೊಳೆಯವರೆಗೆ ಈಗ, ಉಳಿದರ್ಧ ದುಡ್ಡು ಬಂದ ಮೇಲೆ. ಅಂಥ ಅರ್ಧ ಕಟ್ಟೆಯಲ್ಲಿ ಒಂದು ಚೊಂಬು ನೀರೂ ನಿಲ್ಲುವುದಿಲ್ಲ! ದುಡ್ಡು ಮಾತ್ರ ಹೊಳೆ ಪಾಲು. ವಿಶ್ವೇಶ್ವರಯ್ಯನವರ ಮೊದಲ ಹಂತ ಹಾಗಿರಲಿಲ್ಲ. ಅದು ಕಡಿಮೆ ಎತ್ತರದ್ದಾದರೂ ಈ ದಡದಿಂದ ಆ ದಡಕ್ಕೆ ಪೂರ್ತಿ ಕಟ್ಟೆ. ಎರಡನೇ ಹಂತ ಎಂದೆಂದಿಗೂ ಆಗದೇ ಹೋದರೂ ಅದು ತನ್ನ ಕೆಲಸ ತಾನು ಮಾಡುತ್ತಿತ್ತು. ಬೇಸಿಗೆಯಲ್ಲಿ ಸಮನಾಗಿ ನೀರು ಬಿಟ್ಟರೆ ಕೆಳಗೆ ಶಿವನಸಮುದ್ರದ ಯಂತ್ರಗಳು ತಿರುಗುತ್ತಿದ್ದವು, ಗಣಿಯವರು ಕರೆಂಟಿಗೆ ದುಡ್ಡು ಕೊಡುತ್ತಿದ್ದರು. ಹಾಕಿದ ಬಂಡವಾಳಕ್ಕೆ ಮೊದಲ ಹಂತದಿಂದಲೇ ವರಮಾನ. ಹಣಕಾಸಿನವರ ಬಾಯಿ ಮುಚ್ಚಿಸಿದ್ದು ಈ ಲೆಕ್ಕ ಎಂದು ನನ್ನ ಅಭಿಪ್ರಾಯ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅಪ್ಪಣೆ ಇದ್ದದ್ದು ಸಣ್ಣ ಕಟ್ಟೆಗೆ, ಆದರೆ ಅಡಿಪಾಯ ಹಾಕಿದ್ದು ದೊಡ್ಡ ಕಟ್ಟೆಗೆ. ತಳಪಾಯವನ್ನು ಮುಂದೆ ಏಳಬೇಕಾದ ಪೂರ್ತಿ ಎತ್ತರದ ಭಾರ ಹೊರುವಂತೆ ಅಗಲವಾಗಿ ಹಾಕಿದರು. ಸಣ್ಣ ಕಟ್ಟೆಗೆ ಸಾಕಾಗುವಷ್ಟೇ ತಳಪಾಯ ಹಾಕಿದ್ದರೆ ಆಗ ದುಡ್ಡು ಉಳಿಯುತ್ತಿತ್ತು. ಮುಂದೆ ಎತ್ತರಿಸಬೇಕು ಅಂದಾಗ ನೀರು ತುಂಬಿದ ಕಟ್ಟೆಯ ಬುಡ ಅಗೆಯುವವರು ಯಾರು? ಮನೆ ಕಟ್ಟಿದವರಿಗೆಲ್ಲ ಇದು ಗೊತ್ತು. ಹೆಂಚಿನ ಮನೆಗೆ ಹಾಕಿದ ತಳಪಾಯದ ಮೇಲೆ ಮಹಡಿ ಏಳುವುದಿಲ್ಲ. ಮದರಾಸಿನವರೂ ದಡ್ಡರಲ್ಲ, ಇದನ್ನು ಕಂಡುಹಿಡಿದು ಆಕ್ಷೇಪಿಸಿದರು. 11 ಟಿ.ಎಂ.ಸಿ.ಗೆ ಇಷ್ಟು ಅಗಲದ ಪಾಯ ಯಾಕೆ ಅಂತ. ಜಗಳ ಪಂಚಾಯಿತಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದ ಸರ್ ಹೆನ್ರಿ ಗ್ರಿಫಿನ್ ಅವರು ಪಂಚರಾಗಿ 1913ರಲ್ಲಿ ವಿಚಾರಣೆ ಶುರುಮಾಡಿ 1914ರಲ್ಲಿ ತೀರ್ಪು ಕೊಟ್ಟರು. ತೀರ್ಪು ಮೈಸೂರಿನ ಪರವಾಗಿತ್ತು. ಭಾರತ ಸರ್ಕಾರ ಅದನ್ನು ಒಪ್ಪಿತು. ಮದರಾಸು ಮೇಲ್ಮನವಿ ಹಾಕಿತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಾಗದ ಓಡಾಡಿ, ಕೊನೆಗೆ 1924ರ ಫೆಬ್ರವರಿ 18ರಂದು ಎರಡೂ ಸರ್ಕಾರಗಳಿಗೆ ಒಪ್ಪಂದವಾಯಿತು. ಮೈಸೂರಿಗೆ 124 ಅಡಿಯ ಕಟ್ಟೆ, ಅದರ ಕೆಳಗೆ 1,25,000 ಎಕರೆ ಹೊಸ ನೀರಾವರಿ. ಮದರಾಸಿಗೆ ಮೆಟ್ಟೂರು.

1911ರಿಂದ 1924ಕ್ಕೆ ಹದಿಮೂರು ವರ್ಷ. ಪೂರ್ತಿ ಅಪ್ಪಣೆ ಸಿಗಲಿ ಆಮೇಲೆ ಗುದ್ದಲಿ ಹಾಕೋಣ ಎಂದು ಕೂತಿದ್ದರೆ ಆ ಹದಿಮೂರು ವರ್ಷ ಹೊಳೆ ಸುಮ್ಮನೆ ಹರಿದು ಹೋಗುತ್ತಿತ್ತು. ಕಟ್ಟಿದ ಮೊದಲ ಹಂತ 1915ರ ಹೊತ್ತಿಗೇ ಶಿವನಸಮುದ್ರಕ್ಕೆ ಆಧಾರವಾಗಿತ್ತು. ನಡುವೆ ಮೊದಲನೇ ಮಹಾಯುದ್ಧ ಬಂತು. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾಗಿ ಸುಮಾರು ಆರು ವರ್ಷ ಇದ್ದು ಹುದ್ದೆ ಬಿಟ್ಟು ಹೋದರು. ಕೆಲಸ ನಿಲ್ಲಲಿಲ್ಲ. ಬೇರೆ ದಿವಾನರು, ಬೇರೆ ಎಂಜಿನಿಯರುಗಳು ಮುಂದುವರಿಸಿದರು. 1926ರಲ್ಲಿ ಮಿರ್ಜಾ ಇಸ್ಮಾಯಿಲ್ಲರು ದಿವಾನರಾದರು. ಅವರ ಕಾಲದಲ್ಲಿ ಕಟ್ಟೆ ಪೂರ್ತಿಯಾಯಿತು. ಶುರುಮಾಡಿದವರು ಒಬ್ಬರು, ಮುಗಿಸಿದವರು ಇನ್ನೊಬ್ಬರು. ಹಂತಗಳು ಕಾಗದದ ಮೇಲೆ ಸ್ಪಷ್ಟವಾಗಿದ್ದುದರಿಂದ ಬಂದವರಿಗೆ ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಿತ್ತು. ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಬದಲಾಗುವ ನಮ್ಮಂಥ ಸಂಘಗಳಿಗೆ ಇದು ಬಹಳ ಬೇಕಾದ ಮಾತು. ನಮ್ಮಲ್ಲಿ ಹೊಸ ಅಧ್ಯಕ್ಷರು ಬಂದ ಕೂಡಲೇ ಹಳೆಯ ಪಟ್ಟಿ ಎಲ್ಲಿ ಅಂತ ಹುಡುಕುವುದೇ ಮೊದಲ ಆರು ತಿಂಗಳ ಕೆಲಸ.

ಕೆಲಸ ನಡೆದ ರೀತಿಯನ್ನೂ ಹೇಳಬೇಕು. ಸುಮಾರು ಹತ್ತು ಸಾವಿರ ಕೂಲಿಯವರು ದುಡಿದರು ಎನ್ನುತ್ತಾರೆ. ಈಗಿನಂತೆ ಸಿಮೆಂಟು ಸಿಗುತ್ತಿರಲಿಲ್ಲ. ಸುಣ್ಣಕ್ಕೆ ಇಟ್ಟಿಗೆಪುಡಿ ಸೇರಿಸಿ ಅರೆದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದರು. ಉದ್ದ 8,600 ಅಡಿ, ಅಂದರೆ ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರಿಗೂ ಮೇಲೆ. ಆ ಕಲ್ಲು ಹೊತ್ತವರಲ್ಲಿ ಯಾರೂ 124 ಅಡಿ ನೋಡುತ್ತಾ ಕೂರಲಿಲ್ಲ. ಈ ದಿನದ ವರಸೆ ಎಷ್ಟು, ಈ ಬೇಸಿಗೆಯೊಳಗೆ ಎಲ್ಲಿಗೆ ಮುಟ್ಟಬೇಕು, ಅಷ್ಟೇ. ನಮ್ಮ ನಾಟಿ ಹೆಣ್ಣುಮಕ್ಕಳನ್ನು ನೋಡಿ. ಎರಡು ಎಕರೆ ಗದ್ದೆಗೆ ಇಳಿದಾಗ ಆ ತುದಿ ನೋಡುತ್ತಾ ಯಾರೂ ನಿಲ್ಲುವುದಿಲ್ಲ. ಬಗ್ಗಿ ತಮ್ಮ ಕೈಲಿರುವ ಪೈರಿನ ಕಟ್ಟು ಮುಗಿಸುತ್ತಾರೆ, ಹಿಂದಕ್ಕೆ ಒಂದು ಹೆಜ್ಜೆ ಇಡುತ್ತಾರೆ. ಸಂಜೆಗೆ ಗದ್ದೆ ಹಸಿರಾಗಿರುತ್ತದೆ. ನಮ್ಮ ಮನೆಯಲ್ಲೇ ಇರುವ ಈ ವಿದ್ಯೆ ಸಭೆಯಲ್ಲಿ ಕೂತಾಗ ಯಾಕೆ ಮರೆತುಹೋಗುತ್ತದೋ ಗೊತ್ತಿಲ್ಲ.

ಒಂದು ಮಾತನ್ನು ಬಿಡಬಾರದು. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಊರೇ ನೀರಿನಲ್ಲಿ ಮುಳುಗಿತು. ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ನೀರು ಬಹಳ ಇಳಿದ ವರ್ಷಗಳಲ್ಲಿ ಗುಡಿ ಕಾಣಿಸುತ್ತದೆಂದು ಜನ ನೋಡಲು ಹೋಗುತ್ತಿದ್ದರು. ಈಗ ಆ ದೇವಸ್ಥಾನವನ್ನು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಸಾವಿರಾರು ಜನ ಮನೆ ಮಠ, ಹೊಲ ಬಿಟ್ಟು ಎದ್ದು ಹೋದರು. ಅವರ ಪಾಲಿಗೆ ಇದು ಹಂತ ಹಂತವಾಗಿ ಬಂದ ಭಾಗ್ಯವಲ್ಲ. ನಾವು ಭತ್ತ ಕಬ್ಬು ಬೆಳೆದು ಉಣ್ಣುವಾಗ ಅವರನ್ನೂ ನೆನೆಯಬೇಕು.

ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ. ನಾಲೆ ತೆಗೆಯುವುದು ಇನ್ನೊಂದು ಹಂತ. ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಅಂತ ಕರೆದರು. ಈಗ ನಾವು ವಿಶ್ವೇಶ್ವರಯ್ಯ ನಾಲೆ, ವಿ.ಸಿ. ನಾಲೆ ಅನ್ನುವುದು ಅದನ್ನೇ. ಹುಳಿಕೆರೆ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದು ನೀರು ತಂದರು. ನೀರು ಬಂತು, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಆಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಇವತ್ತು ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ನೀರು 49.45 ಟಿ.ಎಂ.ಸಿ. ಜೂನ್ ತಿಂಗಳು ಬಂತೆಂದರೆ ನಮ್ಮಲ್ಲಿ ಬೆಳಿಗ್ಗೆ ಎದ್ದು ದೇವರ ಮುಖ ನೋಡುವುದಕ್ಕಿಂತ ಮುಂಚೆ ಕಟ್ಟೆ ಎಷ್ಟು ಅಡಿ ಆಯ್ತು ಅಂತ ನೋಡುವವರೇ ಜಾಸ್ತಿ.

ಇದೆಲ್ಲ ಮಹಾರಾಜರು, ದಿವಾನರು ಮಾಡಿದ್ದು, ನಮ್ಮಂಥ ಹಾಲು ಹಾಕುವವರ ಕೈಲಿ ಏನಾಗುತ್ತೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಗುಜರಾತಿನ ಖೇಡಾ ಜಿಲ್ಲೆಯ ಕಥೆ ಸಾಕು. ಅಲ್ಲಿನ ರೈತರ ಹಾಲನ್ನು ಒಂದು ಖಾಸಗಿ ಡೈರಿ ಕೊಂಡು ಬೊಂಬಾಯಿಗೆ ಕಳಿಸುತ್ತಿತ್ತು, ಬೆಲೆ ಅವರು ಹೇಳಿದ್ದೇ. ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಹತ್ತಿರ ಹೋದರು. ನಿಮ್ಮದೇ ಸಂಘ ಕಟ್ಟಿಕೊಳ್ಳಿ ಎಂಬ ಸಲಹೆ ಸಿಕ್ಕಿತು. 1946ರ ಜನವರಿ 4ರಂದು ಸಮರ್ಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆಯಾಯಿತು. ಹದಿನೈದು ದಿನ ರೈತರು ಹಾಲು ಕೊಡದೆ ಹಠ ಹಿಡಿದರು. ಅದೇ ವರ್ಷ ಡಿಸೆಂಬರ್ 14ರಂದು ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ್ ಪಟೇಲರು ಅಧ್ಯಕ್ಷರು. ಒಕ್ಕೂಟ ಅಂದ ಕೂಡಲೇ ದೊಡ್ಡ ಕಾರ್ಖಾನೆ ನೆನಪಾಗುತ್ತದೆ. 1948ರ ಜೂನ್‌ನಲ್ಲಿ ಅವರು ಹಾಲು ಕಾಯಿಸಿ ಕಳಿಸಲು ಶುರುಮಾಡಿದಾಗ ಇದ್ದದ್ದು ಬರೀ ಎರಡು ಹಳ್ಳಿಯ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಈಗ ಅದಕ್ಕಿಂತ ಹೆಚ್ಚು ಹಾಲು ಒಂದೊಂದು ಹಳ್ಳಿಯ ಸಂಘದಲ್ಲೇ ಬರುತ್ತದೆ. 1949ರಲ್ಲಿ ವರ್ಗೀಸ್ ಕುರಿಯನ್ ಅವರು ಬಂದರು. 1955ರಲ್ಲಿ ಎಮ್ಮೆ ಹಾಲಿನಿಂದ ಪುಡಿ ಮಾಡುವ ಕಾರ್ಖಾನೆ ಆಯಿತು. ಅದೇ ಅಮುಲ್.

ಮುಂದೆ ಅದನ್ನು ದೇಶಕ್ಕೆಲ್ಲ ಹಬ್ಬಿಸಬೇಕು ಅಂದಾಗಲೂ ಒಂದೇ ಏಟಿಗೆ ಹೋಗಲಿಲ್ಲ. 1965ರಲ್ಲಿ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಆಯಿತು. 1970ರಲ್ಲಿ ಶುರುವಾದ ಕ್ಷೀರಧಾರೆ ಯೋಜನೆಯ ಮೊದಲ ಹಂತದಲ್ಲಿ 18 ಹಾಲಿನ ಪ್ರದೇಶಗಳನ್ನು ದಿಲ್ಲಿ, ಬೊಂಬಾಯಿ, ಕಲ್ಕತ್ತ, ಮದರಾಸು ಈ ನಾಲ್ಕು ನಗರಗಳಿಗೆ ಜೋಡಿಸಿದರು. ಆಮೇಲೆ ಎರಡನೇ ಹಂತ, ಮೂರನೇ ಹಂತ, 1996ರವರೆಗೆ. ನಮ್ಮ ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದಕ್ಷಿಣದ ಜಿಲ್ಲೆಗಳಲ್ಲಿ ಕೆಲಸ ಶುರುವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ಇಲ್ಲಿಯೂ ಕನ್ನಂಬಾಡಿಯ ಲೆಕ್ಕವೇ. ಪ್ರತಿ ಹಳ್ಳಿಯ ಸಂಘ ತಾನಾಗಿಯೇ ನಿಂತು ತನ್ನ ಸದಸ್ಯರಿಗೆ ಬಟವಾಡೆ ಮಾಡುತ್ತದೆ. ಪಕ್ಕದೂರಿನಲ್ಲಿ ಸಂಘ ಆಗಲಿ ಬಿಡಲಿ, ಇಲ್ಲಿನ ಹಸುವಿನ ಹಾಲಿಗೆ ದುಡ್ಡು ಬರುತ್ತದೆ.

ನಮ್ಮ ಸಂಘ ಹುಟ್ಟಿದ್ದನ್ನು ಹಿರಿಯ ಸದಸ್ಯರು ಬಲ್ಲರು. ಬಾಡಿಗೆ ಮನೆಯ ಜಗುಲಿ, ನಾಲ್ಕು ಕ್ಯಾನು, ಒಂದು ಲ್ಯಾಕ್ಟೋಮೀಟರು, ಒಂದು ಲೆಕ್ಕದ ಪುಸ್ತಕ. ಮೊದಲು ಹಾಲು ಅಳೆದೆವು. ಆಮೇಲೆ ಫ್ಯಾಟ್ ನೋಡುವ ಯಂತ್ರ ಬಂತು. ಆಮೇಲೆ ಹಿಂಡಿ, ಪಶು ಆಹಾರದ ಮಾರಾಟ. ಆಮೇಲೆ ಕಂಪ್ಯೂಟರ್ ತಕ್ಕಡಿ, ಬ್ಯಾಂಕ್ ಖಾತೆಗೇ ಬಟವಾಡೆ. ಇಷ್ಟನ್ನೂ ಮೊದಲ ದಿನವೇ ಪಟ್ಟಿ ಮಾಡಿ ಓದಿದ್ದರೆ ಆವತ್ತು ಷೇರು ಹಣ ಕಟ್ಟಲು ಯಾರೂ ಮುಂದೆ ಬರುತ್ತಿರಲಿಲ್ಲ.

ಈಗ ಕಟ್ಟಡಕ್ಕೆ ಬರೋಣ. ಒಂದೇ ಪಟ್ಟಿಯನ್ನು ಮೂರು ಮಾಡಬೇಕು ಎಂದು ಆಡಳಿತ ಮಂಡಳಿಯಲ್ಲಿ ನಾನು ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಮೊದಲು ಹಾಲು ಅಳೆಯುವ ಕೊಠಡಿ ಮತ್ತು ಶೀತಲ ಘಟಕಕ್ಕೆ ಜಾಗ. ಇದು ಆದರೆ ಬಾಡಿಗೆ ಉಳಿಯುತ್ತದೆ. ಲಾರಿ ತಡವಾದ ದಿನ ಸಂಜೆ ಹಾಲು ಒಡೆದು ನಷ್ಟವಾಗುವುದು ನಿಲ್ಲುತ್ತದೆ. ಎರಡನೆಯದು ಗೋದಾಮು. ಸಭಾಂಗಣ ಕೊನೆಗೆ, ಆಗದಿದ್ದರೂ ಚಿಂತೆಯಿಲ್ಲ. ಸಭೆಯನ್ನು ಅರಳಿಕಟ್ಟೆಯಲ್ಲೂ ಮಾಡಬಹುದು, ಹಾಲನ್ನು ಅಲ್ಲಿ ತಣ್ಣಗಿಡಲು ಆಗುವುದಿಲ್ಲ. ಆದರೆ ಪಾಯ ಮತ್ತು ಕಂಬ ಮಾತ್ರ ಈಗಲೇ ಮಹಡಿಯ ಭಾರಕ್ಕೆ ಹಾಕಬೇಕು. ಅಲ್ಲಿ ಉಳಿತಾಯ ನೋಡಬಾರದು.

ಇದಕ್ಕೆ ವಿರೋಧವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲ ಹಂತಕ್ಕೆ ಕಟ್ಟಡ ನಿಧಿಯಲ್ಲಿ ಇರುವುದರ ಜೊತೆಗೆ ಎರಡು ವರ್ಷದ ಬೋನಸ್ಸಿನಲ್ಲಿ ಒಂದು ಭಾಗ ಬೇಕಾಗುತ್ತದೆ. ಒಂದೇ ಹಸು ಇಟ್ಟುಕೊಂಡವರಿಗೆ ಯುಗಾದಿಗೋ ಗೌರಿ ಹಬ್ಬಕ್ಕೋ ಆ ಬೋನಸ್ಸೇ ಮಕ್ಕಳ ಬಟ್ಟೆ. "ದೊಡ್ಡ ಹಿಂಡು ಕಟ್ಟಿರೋರಿಗೆ ಬಿಲ್ಡಿಂಗು, ನಮಗೆ ಏನು?" ಅಂತ ಒಬ್ಬ ಅಕ್ಕ ಹಾಲು ಹಾಕುವಾಗಲೇ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಆದ್ದರಿಂದ ಬೋನಸ್ ಕಡಿತ ಎಲ್ಲರಿಗೂ ಒಂದೇ ಸಮ ಇರಬಾರದು, ಹೆಚ್ಚು ಹಾಲು ಹಾಕುವವರಿಂದ ಹೆಚ್ಚು, ಒಂದು ಹಸುವಿನವರಿಗೆ ಪೂರ್ತಿ ಬೋನಸ್ ಎಂದು ನನ್ನ ಸಲಹೆ. ಮಂಡಳಿಯ ಎಲ್ಲ ನಿರ್ದೇಶಕರೂ ಇದಕ್ಕೆ ಒಪ್ಪಿಲ್ಲ. ಬೈಲಾದಲ್ಲಿ ಅವಕಾಶವಿದೆಯೇ ಎಂದು ಇಲಾಖೆಯವರನ್ನು ಕೇಳಬೇಕು ಎನ್ನುತ್ತಾರೆ. ಕೇಳಲಿ. ಉತ್ತರ ಬರುವವರೆಗೆ ನಿವೇಶನ ಅಳತೆ ಮಾಡಿ ನಾಲ್ಕು ಮೂಲೆಗೆ ಕಲ್ಲು ನೆಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಜಾಗ ಸಂಘದ ಹೆಸರಿನಲ್ಲೇ ಇದೆ.

ಮೂರು ಭಾಗ ಮಾಡಿದ ಅಂದಾಜು ಪಟ್ಟಿ ಮತ್ತು ಪಾಯದ ನಕ್ಷೆಯನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಡಲಾಗಿದೆ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬಂದಾಗ ಯಾರು ಬೇಕಾದರೂ ನೋಡಬಹುದು. ಓದಲು ಬಾರದವರಿಗೆ ಕಾರ್ಯದರ್ಶಿಗಳಾಗಲಿ ನಾನಾಗಲಿ ಓದಿ ಹೇಳುತ್ತೇವೆ. ಗಾರೆ ಕೆಲಸ ಬಲ್ಲವರು ನಮ್ಮೂರಲ್ಲೇ ಬೇಕಾದಷ್ಟು ಜನ ಇದ್ದೀರಿ. ಕಂಬದ ಅಳತೆ, ಕಬ್ಬಿಣದ ಲೆಕ್ಕದಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ದಯವಿಟ್ಟು ಸರ್ವ ಸದಸ್ಯರ ಸಭೆಗೆ ಮುಂಚೆಯೇ ತಿಳಿಸಿ.